ಭುವಡ ಮಾಮಾ ಬಚ್ಚಿಟ್ಟ ಸೀಸೆ

ದತ್ತಾರಾಮ ಭುವಡ ಮ್ಯಾಟ್ರಿಕ್ಕಿನಲ್ಲಿ ಇಂಗ್ಲಿಷಿಗೆ ಎರಡು ಸಲ ಡುಮ್ಕಿ ಹೊಡೆದವನು. ಮೂರನೆಯ ಸಲ ಪರೀಕ್ಷೆಗೆ ಕೂರುವ ಬದಲು ನೇರ ಕಾಲೇಜಿಗೇ ಹೋಗಿಬಿಟ್ಟೆ ಎಂದು ಅವನೇ ಹೇಳಿಕೊಂಡು ನಗುತ್ತಿದ್ದ. ಹೋದದ್ದು ಸುಳ್ಳಲ್ಲ. ಚಿಪಳೂಣದಲ್ಲಿ ವಾಶಿಷ್ಠಿ ಹೊಳೆಯ ಮಗ್ಗುಲಿನ ಕಾಲೇಜಿಗೆ ಹೋದ, ರಸಾಯನಶಾಸ್ತ್ರದ ಪ್ರಯೋಗಾಲಯಕ್ಕೆ ಜವಾನನಾಗಿ. ಅಂದಿನಿಂದ ಹುಡುಗರ ಬಾಯಲ್ಲಿ, ಮಾಸ್ತರರ ಬಾಯಲ್ಲಿ, ಕೊನೆಗೆ ಪ್ರಿನ್ಸಿಪಾಲರ ಬಾಯಲ್ಲೂ ಅವನು ಭುವಡ ಮಾಮಾ ಆದ. ನಮ್ಮಲ್ಲಿ ಕಾಲೇಜಿನ ಜವಾನರೆಲ್ಲ ಮಾಮಾಗಳೇ. ಆದರೆ ತನ್ನನ್ನು ಮಾತ್ರ ಪ್ರೀತಿಯಿಂದ ಹಾಗೆ ಕರೆಯುತ್ತಾರೆಂದು ಅವನು ಮೂವತ್ತೊಂದು ವರ್ಷ ನಂಬಿಕೊಂಡಿದ್ದ.

ಸೇರಿದ ಎರಡನೆಯ ವಾರ ಲಿಮಯೆ ಸರ್, ಆಗಿನ್ನೂ ಮೀಸೆ ಕಪ್ಪಗಿದ್ದ ಮಾಸ್ತರರು, ಪಾಠದ ನಡುವೆ ಅಸಿಟೋನ್ ತಾ ಎಂದರು. ಮಾಮಾ ಅಸೆಟಿಕ್ ಆಮ್ಲ ತಂದುಕೊಟ್ಟ. ಸರ್ ನೋಡದೆ ಸುರಿದರು. ಕೋಣೆಯೆಲ್ಲ ಹುಳಿ ನಾತ, ನಲವತ್ತು ಹುಡುಗರ ನಗು. ಆ ನಗು ಅವನ ಕಿವಿಯಿಂದ ಇಳಿಯಲೇ ಇಲ್ಲ. ಆಫೀಸಿನಲ್ಲಿ ಬಿದ್ದಿದ್ದ ಹಳೆಯ ಟೆಲಿಫೋನ್ ಡೈರೆಕ್ಟರಿಯನ್ನು ಮನೆಗೊಯ್ದು ದೀಪಾವಳಿ ರಜೆಯಿಡೀ ಅದನ್ನೇ ಪಾರಾಯಣ ಮಾಡಿದ. ಆಗರಕರ್, ಆಗಾಶೆ, ಆಂಬ್ರೆ, ಹೀಗೆ ಯಾರ ಹಿಂದೆ ಯಾರು ಬರುತ್ತಾರೆಂದು ಬಾಯಿಪಾಠವಾಯಿತು. ರಜೆ ಮುಗಿಯುವುದರೊಳಗೆ ದಾಸ್ತಾನು ಕೋಣೆಯ ಇನ್ನೂರ ನಲವತ್ತು ಸೀಸೆಗಳನ್ನೂ ಅದೇ ಲೆಕ್ಕದಲ್ಲಿ, ಎ-ಯಿಂದ ಝಡ್‌ವರೆಗೆ, ಕಪಾಟಿನಲ್ಲಿ ಸಾಲಾಗಿ ನಿಲ್ಲಿಸಿದ್ದ.

ಅದಾದ ಮೇಲೆ ಮಾಮಾನನ್ನು ಹಿಡಿಯುವವರಿಲ್ಲ. ಕರೆಂಟು ಹೋದರೂ ಕೇಳಿದ ಸೀಸೆಯನ್ನು ಕತ್ತಲಲ್ಲಿ ಕೈಯಾಡಿಸಿ ತರುತ್ತಿದ್ದ. ತಪಾಸಣೆಗೆ ಬಂದ ದೊಡ್ಡವರು ಕಪಾಟಿನ ಮುಂದೆ ನಿಂತು ತಲೆದೂಗಿದ್ದೂ ಉಂಟು. ಅದರ ಗಾಜು ಮಾತ್ರ ವಾರ ತುಂಬುವುದರೊಳಗೆ ಬೂದಿ ಬಳಿದಂತೆ ಬೆಳ್ಳಗಾಗುತ್ತಿತ್ತು. ಕೊಂಕಣದ ತೇವ, ಏನು ಮಾಡುವುದು ಎಂದು ಪ್ರತಿ ಸೋಮವಾರ ರದ್ದಿ ಪೇಪರಿನಿಂದ ಒರೆಸುತ್ತಿದ್ದ. ಇಷ್ಟು ನಿಷ್ಠೆಯಿಂದ ಒರೆಸುವ ಜವಾನ ಜಿಲ್ಲೆಯಲ್ಲೇ ಇಲ್ಲವೆಂಬುದು ಅವನ ಅಭಿಪ್ರಾಯ. ಅದನ್ನು ಬೇರೆ ಯಾರೂ ಹೇಳದಿದ್ದುದರಿಂದ ತಾನೇ ಹೇಳಿಕೊಳ್ಳುತ್ತಿದ್ದ.

ಅಕ್ಟೋಬರ್ ಕೊನೆಗೆ ನಿವೃತ್ತಿ ಎಂದಿರುವಾಗ ಜುಲೈಯಲ್ಲಿ ಕೇತಕಿ ಆಗಾಶೆ ಎಂಬ ಹೊಸ ಮ್ಯಾಡಮ್ ಬಂದರು. ಪುಣೆಯಲ್ಲಿ ಕಲಿತವರು, ಮೂವತ್ತರ ಒಳಗಿನ ವಯಸ್ಸು. ಮೊದಲ ದಿನವೇ ದಾಸ್ತಾನು ಕೋಣೆ ನೋಡಬೇಕೆಂದರು. ಮಾಮಾ ಮದುವೆ ಮನೆಯ ಯಜಮಾನನ ಹಾಗೆ ಬಾಗಿಲು ತೆರೆದು ಬದಿಗೆ ನಿಂತು ಹೊಗಳಿಕೆಗೆ ಕಾದ. ಮ್ಯಾಡಮ್ ಕಪಾಟಿನ ಮುಂದೆ ಬಹಳ ಹೊತ್ತು ನಿಂತರು.

"ಮಾಮಾ, ಈ ನೈಟ್ರಿಕ್ ಆಮ್ಲಾನ ನೈಟ್ರೋಬೆಂಜೀನಿನ ಮಗ್ಗಲಿಗೆ ಕೂಡ್ಸಿದವ್ರು ಯಾರು?"

"ಇಂಗ್ಲಿಷ್ ಅಕ್ಷರಗೋಳು, ಮ್ಯಾಡಮ್, ಟೆಲಿಫೋನ್ ಡೈರೆಕ್ಟರಿಯೊಳಗ ಇದ್ಹಂಗ. ನಾ ಬರೇ ಅವು ಹೇಳಿದ್ಹಂಗ ಕೇಳೀನಿ."

"ಒಂದು ಸೋರಿ ಇನ್ನೊಂದಕ್ಕ ಹತ್ತಿದ್ರ ಏನಾಗ್ತದ ಗೊತ್ತದನು?"

"ಮೂವತ್ತೊಂದು ವರ್ಷ ಏನೂ ಆಗಿಲ್ರಿ."

"ಅದು ಸೀಸೆಗಳ ಒಳ್ಳೇತನ, ಮಾಮಾ. ನಿಮ್ದಲ್ಲ."

ಮಾಮಾನ ಮುಖ ಹರಳೆಣ್ಣೆ ಕುಡಿದವನಂತಾಯಿತು. ಮ್ಯಾಡಮ್ ಬಿಡಲಿಲ್ಲ. ಗಾಜಿನ ಮೇಲೆ ಬೆರಳೆಳೆದು ಬಿಳಿಯ ಪುಡಿ ತೋರಿಸಿದರು. ಇದು ತೇವವಲ್ಲ, ಮೇಲಿನ ಸಾಲಿನ ಅಮೋನಿಯಾದ ಹಬೆಯೂ ಕೆಳಗಿನ ಸಾಲಿನ ಹೈಡ್ರೋಕ್ಲೋರಿಕ್ ಆಮ್ಲದ ಹಬೆಯೂ ಮುಚ್ಚಳದ ಸಂದಿಯಿಂದ ಹೊರಬಿದ್ದು ಒಂದಾಗಿ ಗಾಜಿಗೆ ಮೆತ್ತಿದ್ದು ಎಂದರು. ಆಮ್ಲಗಳು ಮೊಣಕಾಲಿಗಿಂತ ಕೆಳಗಿರಬೇಕು, ಅಗಲ ತಟ್ಟೆಯಂಥ ಪ್ಲಾಸ್ಟಿಕ್ ಪರಾತದೊಳಗೆ ಬೇರೆಯೇ ಇರಬೇಕು. ಬೆಂಕಿ ಹಿಡಿಯುವಂಥವು ಇನ್ನೊಂದು ಕಬ್ಬಿಣದ ಕಪಾಟಿಗೆ. ಬೆಂಕಿಗೆ ಕುಮ್ಮಕ್ಕು ಕೊಡುವಂಥವು ಅದರಿಂದ ದೂರ. ನೀರು ತಾಗಬಾರದ ಸೋಡಿಯಮ್ಮು ನೆಲ ಒರೆಸುವ ನೀರು ಮುಟ್ಟುವ ಸಾಲಿನಲ್ಲಿ ಯಾಕಿದೆ?

"ಡೈರೆಕ್ಟರಿಯೊಳಗ ಜಗಳಾಡಿದ ಅಣ್ಣತಮ್ಮನ ಹೆಸರು ಮಗ್ಗಲಿಗೇ ಇರ್ತಾವು, ಕಾಗದದ ಮ್ಯಾಲ ಏನೂ ಆಗೂದಿಲ್ಲ," ಎಂದರು ಆಗಾಶೆ ಮ್ಯಾಡಮ್. "ಅವರನ್ನ ಒಂದ ಖೋಲ್ಯಾಗ ಹಾಕಿ ಕೀಲಿ ಜಡಿದ್ರ?"

ಮಾಮಾ ರದ್ದಿ ಪೇಪರು ತೆಗೆದು ಆ ಗಾಜನ್ನು ಒರೆಸಿದ. ಅಷ್ಟಕ್ಕೇ ಬಿಟ್ಟಿದ್ದರೆ ಅವನು ಭುವಡನಾಗುತ್ತಿರಲಿಲ್ಲ. ಮ್ಯಾಡಮ್ ಬೆಳಿಗ್ಗೆ ಆಮ್ಲಗಳನ್ನು ಕೆಳಗಿಳಿಸಿ ಹೋದರೆ ಸಂಜೆ ಬೀಗ ಹಾಕುವ ಮೊದಲು ಮಾಮಾ ಅವನ್ನು ಮತ್ತೆ ಅಕ್ಷರದ ಸಾಲಿಗೆ ಏರಿಸುತ್ತಿದ್ದ. ಹೀಗೆ ಹದಿನೈದು ದಿನ ಸೀಸೆಗಳು ಲಿಫ್ಟಿನಲ್ಲಿ ಓಡಾಡಿದಂತೆ ಓಡಾಡಿದವು. ಒಂದೂ ಬೀಳಲಿಲ್ಲ, ಅದೂ ಸೀಸೆಗಳ ಒಳ್ಳೆಯತನವೇ. ಕೊನೆಗೆ ವಿಭಾಗದ ಮುಖ್ಯಸ್ಥರಾಗಿದ್ದ ಲಿಮಯೆ ಸರ್ ಪಂಚಾಯ್ತಿ ಮಾಡಿದರು. "ಮೂರು ತಿಂಗಳು ತಡೀರಿ, ಕೇತಕಿ. ಮಾಮಾನ ಸತ್ಕಾರ ಆಗ್ಲಿ. ಮೂವತ್ತೊಂದು ವರ್ಷ ಒಂದೂ ಅಪಘಾತ ಇಲ್ಲ ಅಂತ ನಾನ ಭಾಷಣ ಬರ್ಕೊಂಡೀನಿ. ಆಮ್ಯಾಲ ನಿಮಗ ಬೇಕಾದ್ಹಂಗ ಜೋಡಿಸ್ಕೊಳ್ರಿ."

ಆ ಒಂದು ವಾಕ್ಯ ಮಾಮಾನ ಎದೆಯೊಳಗೆ ಬೆಲ್ಲದ ಅಚ್ಚಿನಂತೆ ಕೂತುಬಿಟ್ಟಿತು. ಒಂದೂ ಅಪಘಾತ ಇಲ್ಲ. ಡುಮ್ಕಿ ಹೊಡೆದವನ ಬಗ್ಗೆ ಡಾಕ್ಟರೇಟ್ ಪಡೆದವರು ಸಭೆಯಲ್ಲಿ ಆಡಲಿರುವ ಮಾತು. ಮಗ ಮುಂಬೈಯಿಂದ ಬರುವವನಿದ್ದ, ಬೀಗರು ಖೇಡದಿಂದ. ಮಾಮಾ ಕನ್ನಡಿಯ ಮುಂದೆ ಶಾಲು ಹೊದೆಯುವುದನ್ನು ಹೆಂಡತಿಯ ಸೀರೆಯಲ್ಲಿ ಎರಡು ಸಲ ರೂಢಿ ಮಾಡಿಕೊಂಡಿದ್ದ. ಒಂದು ಸಲ ಸಿಕ್ಕಿಯೂ ಬಿದ್ದಿದ್ದ.

ಖಂಡೇನವಮಿ ಬಂತು. ಕಾರಖಾನೆಯಲ್ಲಿ ಯಂತ್ರಕ್ಕೆ, ಮನೆಯಲ್ಲಿ ಕುಡಗೋಲಿಗೆ ಪೂಜೆ ಮಾಡುವ ಹಾಗೆ ಪ್ರಯೋಗಾಲಯದಲ್ಲಿ ತಕ್ಕಡಿಗೆ, ಬರ್ನರಿಗೆ, ಕಪಾಟಿಗೆ ಪೂಜೆ. ಮಾಮಾನ ಪದ್ಧತಿ ಒಂದು ಕೈ ಹೆಚ್ಚು. ಪ್ರತಿ ಸೀಸೆಯನ್ನೂ ಕೆಳಗಿಳಿಸಿ, ಒದ್ದೆ ಬಟ್ಟೆಯಿಂದ ಒರೆಸಿ, ಒಳಗೆ ಎಷ್ಟು ಉಳಿದಿದೆಯೆಂದು ಕಿವಿಯ ಹತ್ತಿರ ಹಿಡಿದು ಕುಲುಕಿ, ಮುಚ್ಚಳ ಒಂದು ಸುತ್ತು ತಿರುವಿ ಬಿಗಿ ಮಾಡಿ, ಅದರ ನೆತ್ತಿಗೆ ಕುಂಕುಮದ ಬೊಟ್ಟು, ಒಂದು ಚೆಂಡುಹೂವಿನ ಎಸಳು. ಕಡೆಗೆ ಕಪಾಟಿನ ಮುಂದೆ ತುಪ್ಪದ ದೀಪ, ಊದುಕಡ್ಡಿ. ಕಿಡಿ ಕಂಡರೆ ಹೊತ್ತಿಕೊಳ್ಳುವ ಈಥರಿನ ಸೀಸೆಗೂ ಅದೇ ದೀಪದ ಮಂಗಳಾರತಿ. ದೇವರು ಆ ಕೋಣೆಯಲ್ಲಿ ಮೂವತ್ತೊಂದು ವರ್ಷ ಉಸಿರು ಬಿಗಿಹಿಡಿದು ಕೂತಿದ್ದಿರಬೇಕು.

ಈ ಸಲ ದೀಪ ಹೊಸ್ತಿಲಿನ ಆಚೆಗೆ ಎಂದು ಮ್ಯಾಡಮ್ ಕಟ್ಟುನಿಟ್ಟು ಮಾಡಿದ್ದರು. ಮಾಮಾ ಗೊಣಗುತ್ತ ಒಪ್ಪಿದ್ದ. ಹುಡುಗಿಯರು ಕೆಲವರು ಪ್ರಸಾದಕ್ಕೆ ನಿಂತಿದ್ದರು, ಲಿಮಯೆ ಸರ್ ಜರಿಯಂಚಿನ ಪಂಚೆಯಲ್ಲಿ ಬಂದಿದ್ದರು. ಪಿ ಅಕ್ಷರದ ಸಾಲು ಬಂತು. ಮಾಮಾ ದೊಡ್ಡ ಸೀಸೆಗಳ ಹಿಂದೆ ಅಡಗಿದ್ದ ಅಂಗೈಯಗಲದ ಒಂದು ಕಂದು ಸೀಸೆ ತೆಗೆದು ಕಿವಿಯ ಹತ್ತಿರ ಕುಲುಕಿದ. ಒಳಗೆ ಒಣ ಉಪ್ಪಿನಂತೆ ಸರಸರ ಎಂದಿತು. ಮುಚ್ಚಳದ ಸುತ್ತ ಅರಿಸಿನ ಬಣ್ಣದ ಹರಳು ಕಟ್ಟಿತ್ತು. ತಿರುವಲು ಬೆರಳಿಟ್ಟ.

"ಮಾಮಾ," ಎಂದರು ಮ್ಯಾಡಮ್. ಅವರ ದನಿ ಎಷ್ಟು ಮೆತ್ತಗಿತ್ತೆಂದರೆ ಅವನಿಗೆ ಅದರಿಂದಲೇ ಭಯವಾಯಿತು. "ಮುಚ್ಚಳ ತಿರುವಬ್ಯಾಡ್ರಿ. ಹಂಗs ಮೇಜಿನ ಮ್ಯಾಲ ಇಡ್ರಿ. ಸಾವಕಾಶ. ಇಟ್ಟು ಹಿಂದ ಬರ್ರಿ."

ಅವನು ಇಟ್ಟ. ಮ್ಯಾಡಮ್ ಹುಡುಗಿಯರನ್ನು ಹೊರಗೆ ಕಳಿಸಿ ಬಾಗಿಲು ಮುಚ್ಚಿ ಹೇಳಿದರು. ಅದು ಪಿಕ್ರಿಕ್ ಆಮ್ಲ. ಕೊಂಡಾಗ ನೀರಿನಲ್ಲಿ ನೆನೆದಿರುತ್ತದೆ, ಆಗ ಸಾಧು. ವರ್ಷಗಟ್ಟಲೆ ಇಟ್ಟು ನೀರು ಆರಿತೆಂದರೆ ಅದೇ ಸಿಡಿಮದ್ದು. ಮುಚ್ಚಳದ ಸಂದಿಯ ಹರಳು ತಿಕ್ಕಿದರೂ ಸಾಕು, ಸಿಡಿಯಬಹುದು.

"ಇದನ್ನ ಎಷ್ಟು ಸಲ ಕುಲುಕೀರಿ?"

ಮಾಮಾ ಎಣಿಸಲು ಹೋಗಲಿಲ್ಲ. ವರ್ಷಕ್ಕೊಮ್ಮೆ ತಾನು ಬಾಂಬಿನ ನೆತ್ತಿಗೆ ಕುಂಕುಮವಿಟ್ಟು ಅದರ ಕಿವಿ ಹಿಂಡಿ ಬರುತ್ತಿದ್ದೆ ಎಂಬುದು ತಲೆಗೆ ಹೋಗುತ್ತಲೇ ಸ್ಟೂಲಿನ ಮೇಲೆ ಕುಳಿತ. ಗೋಡೆಯ ಮೇಲಿನ ಫೋಟೋದಲ್ಲಿ ಹಾರ ಹಾಕಿಸಿಕೊಂಡು ಇರಬೇಕಾದವನು ಹಾರ ಹಾಕಲು ಓಡಾಡುತ್ತಿದ್ದಾನಲ್ಲ ಎಂದು ಅವನಿಗೇ ಆಶ್ಚರ್ಯವಾಯಿತು.

ಫೋನು ಹೋಯಿತು. ರತ್ನಾಗಿರಿಯಿಂದ ಪೊಲೀಸರ ಬಾಂಬು ತೆಗೆಯುವವರು ಮಧ್ಯಾಹ್ನ ಬಂದು, ದಪ್ಪ ಅಂಗಿ ತೊಟ್ಟು, ಮರಳು ತುಂಬಿದ ಡಬ್ಬದಲ್ಲಿ ಸೀಸೆಯನ್ನಿಟ್ಟು ಹೊಳೆಯ ಬಯಲಿಗೆ ಒಯ್ದರು. ಅರ್ಧ ತಾಸಿನ ಮೇಲೆ ಅಲ್ಲಿಂದ ಢಂ ಎಂದು ಕೇಳಿತು. ಕಾಲೇಜಿನ ಕಿಟಕಿಗಳು ಕಟಕಟ ನಡುಗಿದವು. ಅಂಗೈಯಗಲದ ಸೀಸೆ ಅದು.

ಆಗ ಆಗಾಶೆ ಮ್ಯಾಡಮ್ ಕೇಳಿದರು, "ಮಾಮಾ, ಇಂಥಾದ್ದು ಇನ್ನೊಂದು ಎಲ್ಲೆರೆ ಅದನು?"

"ಇಲ್ರಿ," ಎಂದ ಮಾಮಾ.

ಇತ್ತು.

ಹನ್ನೆರಡು ವರ್ಷದ ಹಿಂದೆ ದೊಡ್ಡ ತಪಾಸಣೆ ಬರುವುದಿತ್ತು. ಆಗ ಪಿಕ್ರಿಕ್ ಸೀಸೆ ಎರಡಿದ್ದವು. ಒಂದರ ಚೀಟಿ ಚೆನ್ನಾಗಿತ್ತು, ಇನ್ನೊಂದರದ್ದನ್ನು ಹುಳ ತಿಂದಿತ್ತು. ತನ್ನ ಸಾಲಿನಲ್ಲಿ ಹರಕು ಚೀಟಿಯ ಸೀಸೆ ನಿಲ್ಲುವುದೆಂದರೆ ಮಾಮಾನಿಗೆ ವರನ ಪಂಕ್ತಿಯಲ್ಲಿ ಹರಕು ಅಂಗಿಯವನು ಕೂತಂತೆ. ಚೀಟಿ ಹರಿದವು, ತುಕ್ಕು ಮುಚ್ಚಳದವು, ಹೀಗೆ ಹದಿನಾಲ್ಕು ಸೀಸೆಗಳನ್ನು ಹುಲ್ಲು ಹಾಸಿದ ಹಣ್ಣಿನ ಹಲಗೆ ಪೆಟ್ಟಿಗೆಗೆ ತುಂಬಿದ. ಬಿಸಾಡಬೇಕೆಂದರೆ ಮೂವರ ಸಹಿ ಬೇಕು, ಬಚ್ಚಿಡುವುದಕ್ಕೆ ಯಾರ ಸಹಿಯೂ ಬೇಡ. ಸಭಾಗೃಹದ ರಂಗಸ್ಥಳದ ಮೇಲೆ, ನಾಟಕದ ಪರದೆ-ಕಿರೀಟ ಇಡುವ ಹಲಗೆಯ ಅಟ್ಟವಿತ್ತು. ಅಲ್ಲಿ ಇಟ್ಟುಬಂದು ಮರೆತುಬಿಟ್ಟ. ಮರೆತದ್ದು ಎಷ್ಟು ಚೊಕ್ಕಟವಾಗಿತ್ತೆಂದರೆ ಮ್ಯಾಡಮ್ ಕೇಳುವವರೆಗೂ ನೆನಪಿರಲಿಲ್ಲ. ಕೇಳಿದ ಗಳಿಗೆಯಲ್ಲೇ ಪೆಟ್ಟಿಗೆ ಕಣ್ಣ ಮುಂದೆ ಬಂದಿತ್ತು, ಹುಲ್ಲಿನ ಸಮೇತ. ಆದರೆ ಲಿಮಯೆ ಸರ್ ಪಕ್ಕದಲ್ಲೇ ನಿಂತಿದ್ದರು. ಒಂದೂ ಅಪಘಾತ ಇಲ್ಲ ಎಂಬ ವಾಕ್ಯ ಅವರ ಜೇಬಿನಲ್ಲಿತ್ತು. ಬಾಯಿ ಮಾಮಾನನ್ನು ಕೇಳದೆಯೇ ಇಲ್ಲ ಎಂದುಬಿಟ್ಟಿತ್ತು.

ಮನೆಯಲ್ಲಿ ಹೆಂಡತಿ ವನಿತಾ ಬಂಗಡೆ ಮೀನಿನ ಸಾರು ಮಾಡಿದ್ದಳು. ಮಾಮಾ ಎರಡು ತುತ್ತು ತಿಂದು, "ಸಾರು ಭಾಳ ಚಂದಾಗೈತಿ," ಎಂದ.

ವನಿತಾ ಸೌಟು ಕೆಳಗಿಟ್ಟಳು. "ಅಹೋ, ಏನು ಸುಳ್ಳು ಹೇಳಿ ಬಂದೀರಿ?"

"ಸಾರು ಚಂದಾಗೈತಿ ಅಂದ್ರ ಸುಳ್ಳೇನು?"

"ಉಪ್ಪು ಹಾಕೂದು ಮರ್ತೀನಿ. ಇಷ್ಟು ವರ್ಷದಾಗ ಮೂರು ಸಲ ನನ್ನ ಸಾರು ಹೊಗಳೀರಿ. ಮೂರೂ ಸಲ ಏನರೆ ಮುಚ್ಚಿಟ್ಟಿದ್ರಿ."

ಅವನು ಉಪ್ಪಿಲ್ಲದ ಸಾರನ್ನು ಪೂರ್ತಿ ಉಂಡು ಎದ್ದ. ಹೇಳಲಿಲ್ಲ. ಆ ವಾರವಿಡೀ ತನ್ನೊಳಗೇ ಉಪಾಯ ಹೂಡಿದ. ಭಾನುವಾರ ಕಾಲೇಜು ಖಾಲಿ ಇರುತ್ತದೆ. ಅಟ್ಟ ಹತ್ತಿ, ಒದ್ದೆ ಟವೆಲಿನಲ್ಲಿ ಸೀಸೆ ಸುತ್ತಿ, ಚೀಲದಲ್ಲಿಟ್ಟು, ಸೈಕಲ್ಲಿನಲ್ಲಿ ಹೊಳೆಗೆ ಒಯ್ದು ಮುಳುಗಿಸಿಬಿಟ್ಟರೆ ಮುಗಿಯಿತು. ನಮ್ಮ ರಸ್ತೆಯ ಗುಂಡಿಗಳ ನೆನಪು ಅವನಿಗಾಗಲಿಲ್ಲ. ಢಂ ಎಂದದ್ದನ್ನು ಕಿವಿಯಾರೆ ಕೇಳಿದವನು ಅದರ ಅಣ್ಣನನ್ನು ಸೈಕಲ್ಲಿನ ಹ್ಯಾಂಡಲಿಗೆ ನೇತುಹಾಕಲು ಹೊರಟಿದ್ದ. ಮಾನದ ಚಿಂತೆ ಹತ್ತಿದವನಿಗೆ ಪ್ರಾಣದ ಚಿಂತೆ ಇರುವುದಿಲ್ಲ, ಬುದ್ಧಿಯ ಮಾತಂತೂ ದೂರ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸಭಾಗೃಹದ ಹಿಂಬಾಗಿಲಿನಿಂದ ಏಣಿ ಹತ್ತಿ ಅಟ್ಟಕ್ಕೆ ಹೋದ. ಪೆಟ್ಟಿಗೆ ಇಟ್ಟಲ್ಲೇ ಇತ್ತು. ಜೇಡರ ಬಲೆ ಸರಿಸಿ ಟಾರ್ಚು ಬಿಟ್ಟ. ಸೀಸೆಯ ಮುಚ್ಚಳ ಕಬ್ಬಿಣದ್ದು, ಸುತ್ತಲೂ ಅರಿಸಿನದ ಹರಳು ಗಟ್ಟಿಯಾಗಿ ಕೂತಿತ್ತು. ಕೈ ಚಾಚಿದ.

ಆಗ ಕೆಳಗೆ ಬಾಗಿಲು ತೆರೆಯಿತು. ಮಾತು, ನಗು, ಗೆಜ್ಜೆಯ ಸದ್ದು. ಎರಡನೆಯ ವರ್ಷದ ಹನ್ನೊಂದು ಜನ ಹುಡುಗಿಯರು ರಂಗಸ್ಥಳ ಹತ್ತಿದರು. ಅವನ ಬೀಳ್ಕೊಡುಗೆಯ ಕುಣಿತದ ತಾಲೀಮು. ತಾವೇ ಕಟ್ಟಿದ ಹಾಡು:

ಕೇಳಿದ ಸೀಸೆ ಕೇಳುವ ಮೊದಲೇ
ಕೈಗೆ ಕೊಡುವನು ನಮ್ಮ ಮಾಮಾ,
ನಾವು ಒಡೆದ ಗಾಜನು ಗುಡಿಸಿ
ಬೈಯುವುದ ಮರೆವನು ನಮ್ಮ ಮಾಮಾ

ಮಾಮಾ ಎಂದಾಗಲೆಲ್ಲ ಹನ್ನೊಂದೂ ಜನ ಒಟ್ಟಿಗೆ ಕಾಲು ಬಡಿದರು. ಅಟ್ಟದ ಹಲಗೆ ಅದುರಿತು. ಪೆಟ್ಟಿಗೆಯೊಳಗೆ ಸೀಸೆಗೆ ಸೀಸೆ ತಾಗಿ ಕಿಣಿ ಎಂದಿತು. ಮಾಮಾನ ಚಾಚಿದ ಕೈ ಹಾಗೆಯೇ ನಿಂತಿತು. ಈ ಮಕ್ಕಳು ತನ್ನನ್ನು ಹೊಗಳಿ ಹೊಗಳಿಯೇ ಸಾಯುತ್ತಾರೆ ಎನ್ನಿಸಿತು ಅವನಿಗೆ. ಎತ್ತಿದರೆ ಅವರ ತಲೆಯ ಮೇಲೆ ಎತ್ತಬೇಕು. ಬಿಟ್ಟರೆ ಅವರು ಮತ್ತೆ ಕುಣಿಯುತ್ತಾರೆ.

ಅವನು ಏಣಿ ಇಳಿದು ರಂಗಸ್ಥಳಕ್ಕೆ ಬಂದ. "ಎಲ್ಲಾರೂ ಹೊರಗ ನಡೀರಿ. ಮ್ಯಾಲ ಹಾವೈತಿ."

ಆಗಲೂ ನಿಜ ಹೇಳಲಿಲ್ಲ, ನೋಡಿ. ಹಾವೆಂದರೆ ಹುಡುಗಿಯರು ಕಿರುಚಿ ಓಡುತ್ತಾರೆಂದು ಅವನ ಎಣಿಕೆ. ಆದರೆ ಇವರು ಕೊಂಕಣದ ಹುಡುಗಿಯರು, ಮನೆಯ ಹಿತ್ತಲಿನಲ್ಲಿ ದಿನಾ ಹಾವು ಕಂಡವರು.

"ಯಾವ ಹಾವು, ಮಾಮಾ?" ಎಂದಳು ಶ್ರಾವಣಿ ಶಿಗವಣ ಎಂಬುವಳು, ಮೇಲೆ ಕತ್ತೆತ್ತಿ.

"ದೊಡ್ಡದು."

"ಕೇರೆ ಹಾವಿರಬೇಕು. ಪಾಪ, ಅದೇನು ಮಾಡ್ತೈತಿ. ತಡೀರಿ, ನಮ್ಮ ಕಾಕಾ ಹಾವು ಹಿಡೀತಾರ."

ಅವಳ ಕಾಕಾ ಗಿರೀಶ ಶಿಗವಣ ಐದು ನಿಮಿಷದಲ್ಲಿ ಕೊಕ್ಕೆ, ಚೀಲ ಸಮೇತ ಬಂದ. ಅವನೊಬ್ಬನೇ ಬಂದಿದ್ದರೆ ಆಗುತ್ತಿತ್ತು. ಹಾವು ಹಿಡಿಯುವುದನ್ನು ನೋಡಲು ಇಡೀ ಓಣಿ ಬಂತು, ಕಂಕುಳಲ್ಲಿ ಕೂಸು ಹೊತ್ತವರೂ ಬಂದರು. ಹನ್ನೊಂದು ಜನರನ್ನು ಹೊರಗೆ ಹಾಕಲು ಹೋದ ಮಾಮಾ ಐವತ್ತು ಜನರನ್ನು ಒಳಗೆ ಸೇರಿಸಿದ್ದ. ಎಲ್ಲರೂ ಫೋನು ಹಿಡಿದು ಅಟ್ಟದ ಕೆಳಗೇ ಜಾಗ ಹಿಡಿದರು. ಗಿರೀಶ ಏಣಿಯ ಮೂರನೆಯ ಮೆಟ್ಟಿಲು ಹತ್ತಿ, "ಪೆಟ್ಟಿಗಿಯೊಳಗ ಹೊಕ್ಕಿರಬೇಕು, ಕೊಕ್ಕಿ ಹಾಕಿ ಎಳೀತೀನಿ," ಎಂದ.

ಮಾಮಾ ಓಡಿಹೋಗಿ ಅವನ ಕಾಲು ತಬ್ಬಿ ಹಿಡಿದ.

"ಹತ್ತಬ್ಯಾಡ. ಮ್ಯಾಲ ಹಾವಿಲ್ಲ. ಸಿಡಿಮದ್ದೈತಿ. ಮೊನ್ನಿ ಹೊಳಿ ಬಯಲಾಗ ಹಾರಿಸಿದ್ರಲ್ಲ, ಅಂಥಾದ್ದು. ನಾನs ಇಟ್ಟೀನಿ."

ಎಲ್ಲರೂ ನಕ್ಕರು. ಮಾಮಾ ತಮಾಷೆಯ ಮನುಷ್ಯನೆಂದು ಊರಿಗೇ ಗೊತ್ತು. ಜೀವನವಿಡೀ ನಗಿಸಿದ್ದರ ಫಲ ಆ ಗಳಿಗೆಯಲ್ಲಿ ಸಿಕ್ಕಿತು. ನಿಜ ಹೇಳಿದರೆ ನಂಬುವವರಿಲ್ಲ. "ಖರೇನ ಹೇಳ್ತೀನ್ರೋ," ಎಂದು ಹೇಳುತ್ತ ಹೇಳುತ್ತ ಅವನ ಕಣ್ಣಿನಿಂದ ನೀರು ಇಳಿಯತೊಡಗಿತು. ಮೊದಲು ನಗು ನಿಲ್ಲಿಸಿದವಳು ಶ್ರಾವಣಿ. ಅವಳು ಗೆಳತಿಯ ಕೈ ಹಿಡಿದು ಬಾಗಿಲಿನ ಕಡೆ ಎಳೆದಳು. ಗಿರೀಶ ಉಸಿರು ಬಿಗಿಹಿಡಿದು ಏಣಿ ಇಳಿದ. ಎರಡು ನಿಮಿಷದಲ್ಲಿ ಸಭಾಗೃಹ ಖಾಲಿ.

ರತ್ನಾಗಿರಿಯವರು ಎರಡನೆಯ ಸಲ ಬಂದರು. ಇದನ್ನು ಇಟ್ಟವರು ಯಾರು ಎಂದು ಅವರ ಸಾಹೇಬ ಕೇಳಿದಾಗ ಮಾಮಾ ಶಾಲೆಯ ಮಕ್ಕಳಂತೆ ಕೈ ಎತ್ತಿದ. ತರಗತಿಯಲ್ಲಿ ಎಂದೂ ಉತ್ತರಕ್ಕೆ ಕೈ ಎತ್ತಿದವನಲ್ಲ.

ಹೊಳೆಯ ಬಯಲಿನ ಎರಡನೆಯ ಢಂ ಮುಗಿದ ಮೇಲೆ ಆಗಾಶೆ ಮ್ಯಾಡಮ್ ಮೈದಾನದ ಕಟ್ಟೆಯ ಮೇಲೆ ಅವನ ಪಕ್ಕ ಬಂದು ಕುಳಿತರು. ಮುಖ ನೋಡಲಿಲ್ಲ.

"ಆವತ್ತು ನಾ ಕೇಳಿದೆ."

"ಹೂಂರಿ."

"ಇಲ್ಲ ಅಂದ್ರಿ."

"ಅಂದೆ."

"ಯಾಕ?"

"ಲಿಮಯೆ ಸರ್ ನಿಂತಿದ್ರು."

"ಹುಡುಗ್ಯಾರೂ ನಿಂತಿದ್ರು, ಮಾಮಾ. ಅದರ ಕೆಳಗ."

ಅವರು ಅಷ್ಟೇ ಹೇಳಿ ಎದ್ದುಹೋದರು. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಮನೆಗೆ ಬಂದು ವನಿತಾಳಿಗೆ ಎಲ್ಲವನ್ನೂ ಒಂದೂ ಬಿಡದೆ ಹೇಳಿದ. ಅವಳೂ ಬೈಯಲಿಲ್ಲ. "ಸೈಕಲ್ ಮ್ಯಾಲ ಒಯ್ಯಾವ್ರಿದ್ರಿ," ಎಂದಳು. ಆಮೇಲೆ ಇನ್ನೊಂದು ಸಲ ಅದನ್ನೇ ಹೇಳಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆಡಳಿತ ಮಂಡಳಿ ಸತ್ಕಾರ ರದ್ದು ಮಾಡಿತು. ಶಾಲೂ ಇಲ್ಲ, ತೆಂಗಿನಕಾಯಿಯೂ ಇಲ್ಲ. ಲಿಮಯೆ ಸರ್ ಭಾಷಣದ ಕಾಗದವನ್ನು ಏನು ಮಾಡಿದರೋ ಗೊತ್ತಿಲ್ಲ. ಮಗನಿಗೂ ಬೀಗರಿಗೂ ಬರಬೇಡಿರೆಂದು ಫೋನು ಮಾಡುವ ಕೆಲಸ ಮಾಮಾನಿಗೇ ಬಿತ್ತು. ಉಳಿದ ಹತ್ತು ದಿನ ಅವನು ಮ್ಯಾಡಮ್ಮಿನ ಹಿಂದೆ ನಿಂತು, ಅವರು ಹೇಳಿದಂತೆ, ತನ್ನ ಸಾಲನ್ನು ತಾನೇ ಬಿಚ್ಚಿದ. ಆಮ್ಲಗಳು ಕೆಳಗಿನ ಪರಾತಕ್ಕೆ ಹೋದವು, ಅಮೋನಿಯಾ ಬೇರೆ ಗೂಡಿಗೆ, ಈಥರು ಕಬ್ಬಿಣದ ಕಪಾಟಿಗೆ. ಪ್ರತಿ ಸೀಸೆಯ ಮೇಲೆ ಬಂದ ದಿನ, ತೆರೆದ ದಿನ ಬರೆದ ಚೀಟಿ ಅಂಟಿಸಿದ. ಮೊದಲ ಮೂರು ದಿನ ತನ್ನದೇ ಕೋಣೆಯಲ್ಲಿ ಹೊಸ ಸೊಸೆಯಂತೆ ಯಾವುದು ಎಲ್ಲಿದೆಯೆಂದು ತಡಕಾಡಿದ. ಐದನೆಯ ದಿನ ಕಪಾಟಿನ ಗಾಜು ಒರೆಸಲು ಹೋದರೆ ಒರೆಸಲು ಏನೂ ಇರಲಿಲ್ಲ. ರದ್ದಿ ಪೇಪರು ಹಿಡಿದುಕೊಂಡು ಸುಮ್ಮನೆ ನಿಂತ. ಮೂವತ್ತೊಂದು ವರ್ಷ ನಿಷ್ಠೆಯಿಂದ ಒರೆಸಿದ್ದು ತನ್ನದೇ ತಪ್ಪನ್ನು ಎಂದು ಗೊತ್ತಾಗಿ ಅವನಿಗೆ ನಗು ಬಂತು, ನಾಚಿಕೆಯೂ ಆಯಿತು.

ಕೊನೆಯ ದಿನ ಊಟದ ಡಬ್ಬಿ ಹಿಡಿದು ಗೇಟಿನ ಹತ್ತಿರ ಬಂದಾಗ ಆಗಾಶೆ ಮ್ಯಾಡಮ್ ಕಾಯುತ್ತಿದ್ದರು.

"ಮಾಮಾ, ನಮ್ಮ ಸಂಸ್ಥೆಯವು ಸುತ್ತಮುತ್ತ ಹಳ್ಳಿಯೊಳಗ ಆರು ಹೈಸ್ಕೂಲ್ ಅದಾವ. ಎಲ್ಲಾ ಕಡೆ ಹಳೇ ಪ್ರಯೋಗಾಲಯ, ಹಳೇ ಸೀಸೆ. ನಾ ಎರಡು ಕಡೆ ಹೋಗಿ ಬಂದೆ. ಏನಾದ್ರೂ ಅದನು ಅಂತ ಕೇಳಿದ್ರ ಎಲ್ಲಾರೂ ಇಲ್ಲ ಅಂತಾರ."

"ಇಲ್ದ ಇರಬಹುದ್ರಿ."

"ನೀವು ಅಂದ್ಹಂಗs ಅಂತಾರ," ಎಂದರು ಮ್ಯಾಡಮ್. "ನನ್ನ ಮುಂದ ಅವರು ಹೇಳೂದಿಲ್ಲ. ನೀವು ಬರ್ತೀರನು?"

ನವೆಂಬರಿನ ಮೊದಲ ಸೋಮವಾರ ಇಬ್ಬರೂ ಎಸ್ಟಿ ಬಸ್ಸು ಹತ್ತಿ ಗುಹಾಗರ ರಸ್ತೆಯ ಒಂದು ಹೈಸ್ಕೂಲಿಗೆ ಹೋದರು. ಅಲ್ಲಿಯ ಜವಾನ ಬಾಬಾಜಿ ಖೇರಾಡೆ, ಇಪ್ಪತ್ತು ವರ್ಷದ ಅನುಭವಸ್ಥ. ಬೀರುವಿನ ಬಾಗಿಲು ತೆರೆದು ಪಕ್ಕಕ್ಕೆ ನಿಂತ. ಸೀಸೆಗಳು ಎತ್ತರದ ಪ್ರಕಾರ ಸಾಲಾಗಿದ್ದವು, ಕವಾಯತಿಗೆ ನಿಂತ ಹುಡುಗರ ಹಾಗೆ. ಅವನ ಮುಖದಲ್ಲಿ ಹೊಗಳಿಕೆಗೆ ಕಾಯುವ ಕಳೆ ಇತ್ತು. ಮಾಮಾನಿಗೆ ಆ ಕಳೆ ಕನ್ನಡಿಯಷ್ಟು ಪರಿಚಯ.

"ಇಷ್ಟs ಏನಪಾ? ಹಳೇವು, ಹರಕು ಚೀಟೀವು?" ಎಂದ ಮಾಮಾ.

"ಇಲ್ರಿ. ಇಷ್ಟs," ಎಂದ ಖೇರಾಡೆ, ಕೇಳಿ ಮುಗಿಸುವ ಮೊದಲೇ.

ಮಾಮಾ ಮ್ಯಾಡಮ್ಮಿಗೆ ಕಣ್ಣಿನಲ್ಲೇ ಹೇಳಿದ. ಅವರು ಹೆಡ್ಮಾಸ್ತರರನ್ನು ನೋಡಿಬರುತ್ತೇನೆಂದು ಹೊರಗೆ ಹೋದರು. ಮಾಮಾ ಬೆಂಚಿನ ಮೇಲೆ ಕಾಲು ಮಡಚಿ ಕುಳಿತು ಚಹಾ ಕೇಳಿದ. ಚಹಾ ಬಂತು. ತಾನು ಯಾರು, ಯಾಕೆ ಶಾಲಿಲ್ಲದೆ ಮನೆಗೆ ಹೋದೆ ಎಂದು ಶುರು ಮಾಡಿದ. ಬಾಂಬಿಗೆ ಕುಂಕುಮ ಹಚ್ಚಿ ಕಿವಿಯ ಹತ್ತಿರ ಕುಲುಕಿದ್ದು ಹೇಳಿದ. ಖೇರಾಡೆ ನಕ್ಕ. ಉಪ್ಪಿಲ್ಲದ ಸಾರನ್ನು ಹೊಗಳಿದ್ದು ಹೇಳಿದ. ಖೇರಾಡೆ ಜೋರಾಗಿ ನಕ್ಕ. ಹಾವೆಂದು ಸುಳ್ಳು ಹೇಳಿ ಐವತ್ತು ಜನರನ್ನು ಸೇರಿಸಿದ್ದು, ಹಾವು ಹಿಡಿಯುವವನ ಕಾಲು ಹಿಡಿದದ್ದು ಹೇಳಿದಾಗ ಖೇರಾಡೆಯ ಬಶಿಯಿಂದ ಚಹಾ ತುಳುಕಿತು. ಮಾಮಾನೂ ಅವನ ಜೊತೆ ನಕ್ಕ, ಕಣ್ಣಲ್ಲಿ ನೀರು ಬರುವಷ್ಟು. ಆಮೇಲೆ, ಹಲಗೆ ಅದುರಿದಾಗ ಸೀಸೆಗೆ ಸೀಸೆ ತಾಗಿದ ಸದ್ದು ಹೇಗಿತ್ತು, ಕೆಳಗೆ ಹುಡುಗಿಯರು ಯಾರ ಹೆಸರು ಹೇಳಿ ಕುಣಿಯುತ್ತಿದ್ದರು ಎಂಬುದನ್ನೂ ಹೇಳಿದ. ಅದನ್ನು ನಗದೆ ಹೇಳಿದ.

ಖೇರಾಡೆಯ ನಗು ಅಲ್ಲಿಗೇ ನಿಂತಿತು. ಅವನು ಬಶಿಯನ್ನು ಮೇಜಿನ ಮೇಲಿಟ್ಟು ಬಾಗಿಲಿನ ಕಡೆ ನೋಡಿದ, ಮೊಳೆಗೆ ನೇತುಹಾಕಿದ್ದ ಬೀಗದ ಕೈ ತೆಗೆದುಕೊಂಡ. ಹೊರಗೆ ಊಟದ ಗಂಟೆ ಹೊಡೆಯಿತು, ಮಕ್ಕಳು ತಾಟು ಬಡಿಯುತ್ತ ಓಡುವ ಸದ್ದು ಕೇಳಿತು.

"ಮಾಮಾ," ಎಂದ, ಬಲು ಮೆತ್ತಗೆ. "ನಂದು ಅಟ್ಟದಾಗಿಲ್ಲ. ಮಕ್ಕಳ ಅಡಿಗಿ ಮನ್ಯಾಗ ಐತಿ, ಅಕ್ಕಿ ಚೀಲದ ಹಿಂದ."